ಕಾವೇರಿಯ ಮೀನುಗಳ ಫೋಟೊ: ಯಾರಿಗಾಗಿ, ಹೇಗೆ, ಎಲ್ಲಿ ತೋರಿಸೋಣ?

ಹೊಳೆಬದಿಯವ, ಮೂರ್ನಾಡು

ನಮ್ಮ ಕೊಡಗಿನಲ್ಲಿ ಹುಲಿ, ಆನೆ, ಹಕ್ಕಿಗಳ ಫೋಟೊ ತೆಗೆಯುವವರು ಊರಿಗೊಬ್ಬರಾದರೂ ಇದ್ದಾರೆ. ನಾಗರಹೊಳೆ ಸಫಾರಿಯಲ್ಲಿ ಹುಲಿ ಅಡ್ಡ ಬಂದರೆ ಸಂಜೆಯೊಳಗೆ ಅದು ಎಲ್ಲರ ಮೊಬೈಲಿಗೂ ಬಂದಿರುತ್ತದೆ. ಹೊಳೆಯೊಳಗಿನ ಜೀವಗಳನ್ನು ಮಾತ್ರ ಯಾರೂ ತೆಗೆಯುವುದಿಲ್ಲ. ಮೀನಿನ ಫೋಟೊ ಅಂದರೆ ನಮ್ಮಲ್ಲಿ ಎರಡೇ ಬಗೆ. ಒಂದು, ಗಾಳದಲ್ಲಿ ಸಿಕ್ಕಿದ್ದನ್ನು ಎತ್ತಿ ಹಿಡಿದಿದ್ದು. ಇನ್ನೊಂದು, ಮಸಾಲೆ ಹಚ್ಚಿ ಹುರಿದಿಟ್ಟಿದ್ದು.

ಕಾವೇರಿ ಕಣಿವೆ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಮೀನೊಂದಿದೆ. ಬೆನ್ನು ಗೂನಾದ ದೊಡ್ಡ ಮಹಶೀರ್, ರೆಕ್ಕೆಗಳು ಕಿತ್ತಳೆ ಬಣ್ಣ. ಹಳೇ ಗಾಳದವರು ಬಿಳಿಮೀನು ಅನ್ನುತ್ತಿದ್ದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ಅಂದರೆ 54 ಕಿಲೊ. ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಅಂತ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 2018ರಲ್ಲಿ ಈ ಗೂನುಬೆನ್ನಿನ ಮಹಶೀರನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಹುಲಿ ಇರುವುದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಅಪಾಯದ ಪಟ್ಟಿಯಲ್ಲಿ. ಹುಲಿಗಿಂತ ಹೆಚ್ಚು ಕಷ್ಟದಲ್ಲಿರುವ ಪ್ರಾಣಿ ನಮ್ಮ ಹೊಳೆಯದ್ದು. ಆದರೆ ಅದರ ಮುಖ ನಮ್ಮಲ್ಲಿ ನೂರಕ್ಕೆ ಒಬ್ಬರಿಗೂ ಗೊತ್ತಿರಲಾರದು.

ನನಗೆ ಅನಿಸುವುದು ಇಷ್ಟು. ನೀರಿನ ಮೇಲಿಂದ ನೋಡುವವರಿಗೆ ಹೊಳೆ ಅಂದರೆ ಬರೀ ನೀರು. ಸೇತುವೆ ಮೇಲೆ ನಿಂತು ನೀರು ಏರಿದೆಯಾ ಇಳಿದಿದೆಯಾ ಅಂತ ನೋಡುತ್ತೇವೆ, ಅಷ್ಟೇ. ಒಳಗೆ ಯಾರಿದ್ದಾರೆ ಅಂತ ಗೊತ್ತಿಲ್ಲದಿದ್ದರೆ ಅವರು ಇಲ್ಲವಾದಾಗಲೂ ಗೊತ್ತಾಗುವುದಿಲ್ಲ. ಅಮೆರಿಕದ ಫೋಟೊಗ್ರಾಫರ್ ಜೋಯಲ್ ಸಾರ್ಟೋರಿ 2006ರಿಂದ ಫೋಟೊ ಆರ್ಕ್ ಅನ್ನುವ ಕೆಲಸ ಮಾಡುತ್ತಿದ್ದಾರೆ. ಮೃಗಾಲಯ, ಅಕ್ವೇರಿಯಂಗಳಲ್ಲಿರುವ ಪ್ರಾಣಿಗಳನ್ನು ಕಪ್ಪು ಅಥವಾ ಬಿಳಿ ಪರದೆ ಮುಂದೆ ತೆಗೆಯುತ್ತಾರೆ. ಹಿಂದೆ ಏನೂ ಇಲ್ಲ. ಇಲಿ ಆಗಲಿ ಆನೆ ಆಗಲಿ ಚಿತ್ರದಲ್ಲಿ ಒಂದೇ ಗಾತ್ರ. ನೋಡುವವರಿಗೆ ಕಣ್ಣಿಗೆ ಕಣ್ಣು ಕೊಡದೆ ದಾರಿಯಿಲ್ಲ. ಚಿಕ್ಕ ಮೀನಿಗೂ ಅಲ್ಲಿ ಆನೆಯಷ್ಟೇ ಜಾಗ ಸಿಗುತ್ತದೆ.

ನಮ್ಮ ಹೊಳೆಯ ಮೀನುಗಳಿಗೂ ಹಾಗೊಂದು ಚಿತ್ರಮಾಲೆ ಮಾಡಬೇಕು ಅಂತ ಆಸೆ. ಅದನ್ನು ಬೆಂಗಳೂರಿನ ಗ್ಯಾಲರಿಯಲ್ಲಲ್ಲ, ತುಲಾ ಸಂಕ್ರಮಣಕ್ಕೆ ಭಾಗಮಂಡಲದಲ್ಲಿ ಇಡಬೇಕು. ತೀರ್ಥೋದ್ಭವಕ್ಕೆ ಬರುವ ಸಾವಿರಾರು ಜನ ಕಾವೇರಮ್ಮನನ್ನು ನಂಬಿ ಬಂದವರು. ಅವಳ ಮಡಿಲಲ್ಲಿ ಇರುವವರ ಮುಖವನ್ನು ಅಲ್ಲೇ ನೋಡಲಿ. ಏನಂತೀರಿ? ತೆಗೆಯುವ ಬಗೆ, ಅನುಮತಿ, ಯಾವ ಮೀನು ಮೊದಲು, ಎಲ್ಲ ಹೇಳಿ.

ಮೀನುಶಾಸ್ತ್ರದ ವಿದ್ಯಾರ್ಥಿನಿ, ಮೈಸೂರು

ತುಂಬ ಒಳ್ಳೆ ಯೋಚನೆ. ಫೋಟೊ ಜನರ ಮನಸ್ಸು ಮುಟ್ಟುವುದಕ್ಕೆ ಮಾತ್ರ ಅಲ್ಲ, ಅದು ದಾಖಲೆ ಕೂಡ. ಇದೇ ಮಹಶೀರಿನ ಕಥೆ ಕೇಳಿ.

ಈ ಮೀನು ನೂರು ವರ್ಷಕ್ಕೂ ಹಿಂದಿನಿಂದ ಗಾಳದವರಲ್ಲಿ ಹೆಸರುವಾಸಿ, ಆದರೆ ವಿಜ್ಞಾನದ ಹೆಸರು ಯಾವುದು ಅಂತ 2018ರ ತನಕ ಸರಿಯಾಗಿ ತೀರ್ಮಾನವಾಗಿರಲಿಲ್ಲ. 2007ರಲ್ಲಿ ಕಾವೇರಿ ಕಣಿವೆಗೇ ಸೇರಿದ ಕೇರಳದ ಪಾಂಬಾರ್ ನದಿಯಿಂದ ಟಾರ್ ರೆಮಾದೇವಿ ಅಂತ ಒಂದು ಮೀನನ್ನು ವಿವರಿಸಿದ್ದರು. ಮೀನುತಜ್ಞೆ ಡಾ. ರೆಮಾದೇವಿ ಅವರ ಹೆಸರು ಅದು. ಆಮೇಲೆ ಮೋಯಾರ್ ನದಿಯ ಮೀನುಗಳನ್ನು ಹೋಲಿಸಿ ನೋಡಿದಾಗ ಗೂನುಬೆನ್ನಿನ ಮಹಶೀರೂ ಅದೂ ಒಂದೇ ಅಂತ ಗೊತ್ತಾಯಿತು. ಹೆಸರು ಸಿಕ್ಕಿದ ಮೇಲೇ ಐಯುಸಿಎನ್ ಪಟ್ಟಿಗೆ ಸೇರಿಸಲು ಆಗಿದ್ದು. ಹೆಸರಿಲ್ಲದಿದ್ದರೆ ಪಟ್ಟಿಯಲ್ಲಿ ಜಾಗವೇ ಇಲ್ಲ, ನೋಡಿ.

ಇದಕ್ಕೂ ಮೊದಲೇ ಅಪಾಯದ ಸುಳಿವು ಸಿಕ್ಕಿತ್ತು. ಅದು ಸಿಕ್ಕಿದ್ದು ಗಾಳದವರ ಪುಸ್ತಕಗಳಿಂದ. ಕೆಳಗಿನ ಕಾವೇರಿಯ ಆಂಗ್ಲಿಂಗ್ ಕ್ಯಾಂಪಿನಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನುಗಳ ಲೆಕ್ಕ ಬರೆದಿಟ್ಟಿದ್ದರು. ಸಂಶೋಧಕರು ಅದನ್ನು ನೋಡಿದರು. ನೀಲಿ ರೆಕ್ಕೆಯ ಮಹಶೀರ್ ವರ್ಷ ವರ್ಷ ಹೆಚ್ಚಾಗಿತ್ತು. ಕಿತ್ತಳೆ ರೆಕ್ಕೆಯದು ಕಡಿಮೆಯಾಗುತ್ತಾ ಬಂದಿತ್ತು. ಸಿಕ್ಕಿದ ಕೆಲವೂ ದೊಡ್ಡ ಮುದಿ ಮೀನುಗಳು, ಮರಿಗಳು ಕಾಣುತ್ತಿರಲಿಲ್ಲ. ನೀಲಿ ರೆಕ್ಕೆಯದು ಕಾವೇರಿಗೆ ಹೊರಗಿನಿಂದ ಬಂದಿದ್ದು. ಮಹಾರಾಷ್ಟ್ರದ ಲೋಣಾವಳದ ಮರಿಕೇಂದ್ರದಲ್ಲಿ ಬೆಳೆಸಿ, 1970ರ ದಶಕದಿಂದ ನಾನಾ ನದಿಗಳಿಗೆ ಬಿಟ್ಟಿದ್ದರು. ಮಹಶೀರ್ ಉಳಿಸುತ್ತಿದ್ದೇವೆ ಅಂತಲೇ ಬಿಟ್ಟಿದ್ದು. ದೂರದಿಂದ ನೋಡಿದರೆ ಎರಡೂ ಮಹಶೀರೇ.

ಹಾಗಾಗಿ ನನ್ನ ಕೋರಿಕೆ: ಮೀನಿನ ಪಕ್ಕದ ನೋಟ ಒಂದಾದರೂ ಇರಲಿ. ಎಡಮಗ್ಗುಲು, ತಲೆಯಿಂದ ಬಾಲದ ತುದಿವರೆಗೆ, ರೆಕ್ಕೆಗಳು ಬಿಚ್ಚಿಕೊಂಡಿರಬೇಕು. ಹುರುಪೆಗಳ ಸಾಲು ಎಣಿಸುವಷ್ಟು ಸ್ಪಷ್ಟ ಇರಬೇಕು. ತಾರೀಕು ಬರೆದಿಡಿ. ಜೀವ ಹೋದ ಮೀನಿನ ಬಣ್ಣ ನಿಮಿಷಗಳಲ್ಲಿ ಮಾಸುತ್ತದೆ. ನಮ್ಮ ಲ್ಯಾಬಿನ ಬಾಟಲಿಗಳಲ್ಲಿ ಇರುವ ಮೀನುಗಳೆಲ್ಲ ಒಂದೇ ಕಂದು ಬಣ್ಣ. ಬದುಕಿದ್ದಾಗ ಅದು ಹೇಗಿತ್ತು ಅಂತ ಹೇಳುವುದು ಫೋಟೊ ಮಾತ್ರ.

ಗಾಳ ಮತ್ತು ಬಿಡುಗಡೆ, ಕುಶಾಲನಗರ

ಗಾಳದವರ ಪರವಾಗಿ ಒಂದು ಮಾತು. ಕೊಡಗಿನಲ್ಲಿ ಮಹಶೀರಿಗೆ ಕಾವಲು ಅಂತ ಮೊದಲು ನಿಂತವರಲ್ಲಿ ಗಾಳದವರೂ ಇದ್ದಾರೆ. ವಾಲ್ನೂರಿನ ಕಡೆ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯವರು ಎಷ್ಟೋ ವರ್ಷದಿಂದ ಹಿಡಿದು ಬಿಡುವ ಪದ್ಧತಿ ನಡೆಸಿಕೊಂಡು ಬಂದಿದ್ದಾರೆ. ಹೊಳೆಬದಿಯಲ್ಲಿ ಜನ ಓಡಾಡುತ್ತಿದ್ದರೆ ತೋಟೆ (ಸಿಡಿಮದ್ದು) ಹೊಡೆದು ಮೀನು ಹಿಡಿಯುವವರಿಗೆ ಧೈರ್ಯ ಬರುವುದಿಲ್ಲ. ಕಾವಲು ಅಂದರೆ ಅದೇ.

ಆದರೆ ನಮ್ಮವರ ಫೋಟೊ ಚಟ ಮೀನಿಗೆ ಒಳ್ಳೆಯದಲ್ಲ, ಅದನ್ನೂ ಹೇಳಲೇಬೇಕು. ಮೀನನ್ನು ದವಡೆಯಿಂದ ನೇತುಹಾಕಿ ಹಿಡಿಯುತ್ತಾರೆ. ದೊಡ್ಡ ಮೀನಿನ ಭಾರವನ್ನು ಹೊರುವುದು ನೀರು. ಹಾಗೆ ನೇತುಹಾಕಿದರೆ ಒಳಗಿನ ಅಂಗಗಳ ಮೇಲೆ, ಬೆನ್ನುಮೂಳೆ ಮೇಲೆ ಎಳೆತ ಬೀಳುತ್ತದೆ. ಒಣ ಕೈಯಲ್ಲಿ ಮುಟ್ಟಿದರೆ ಮೈಮೇಲಿನ ಲೋಳೆ ಹೋಗುತ್ತದೆ. ಆ ಲೋಳೆಯೇ ಅದಕ್ಕೆ ರೋಗ ತಡೆಯುವ ಕವಚ. ಬಿಸಿ ಬಂಡೆ ಮೇಲೆ ಮಲಗಿಸುವುದಂತೂ ಬೇಡವೇ ಬೇಡ. ಮೀನು ಈಜಿಕೊಂಡು ಹೋಯಿತು ಅಂತ ನಾವು ಖುಷಿಯಾಗಿ ಮನೆಗೆ ಬರುತ್ತೇವೆ. ಅದು ಮರುದಿನ ಸತ್ತರೆ ನೋಡುವವರು ಯಾರು?

ಒಂದು ಸುಲಭ ನಿಯಮ ಹೇಳುತ್ತೇನೆ. ಮೀನು ನೀರಿನಿಂದ ಮೇಲೆ ಬಂದ ಕ್ಷಣ ನೀವೂ ಉಸಿರು ಹಿಡಿಯಿರಿ. ನಿಮಗೆ ಉಸಿರು ಬೇಕೆನಿಸುವ ಮೊದಲೇ ಅದನ್ನು ನೀರಿಗೆ ಬಿಡಿ. ಇನ್ನೂ ಒಳ್ಳೆಯದು, ಮೇಲೆತ್ತಲೇಬೇಡಿ. ನೆಟ್ಟಿನೊಳಗೆ, ನೀರಿನಲ್ಲೇ ಇರುವಾಗ ಪಕ್ಕದಿಂದ ತೆಗೆಯಿರಿ. ಕ್ಯಾಮೆರಾ ಮೊದಲೇ ಆನ್ ಆಗಿರಲಿ.

ಕಾಫಿ ತೋಟ, ಸಿದ್ದಾಪುರ

ಕ್ಷಮಿಸಿ, ನಾನು ಸ್ವಲ್ಪ ಬೇರೆ ಮಾತಾಡುತ್ತೇನೆ. ಫೋಟೊದಿಂದ ಮೀನು ಉಳಿಯುತ್ತದಾ? ನಾನು ಬೆಳೆಗಾರ. ಕಾಫಿ ಪಲ್ಪಿಂಗ್ ಶುರುವಾಗುವುದು ಹೊಳೆಯಲ್ಲಿ ನೀರು ಇಳಿಯುವ ಹೊತ್ತಿಗೆ. ಹಣ್ಣಿನ ಸಿಪ್ಪೆ ತೆಗೆದು ತೊಳೆದ ನೀರಿನಲ್ಲಿ ಸಕ್ಕರೆ ಅಂಶ ಜಾಸ್ತಿ. ಅದು ಹುಳಿಯುತ್ತದೆ. ಹೊಳೆಗೆ ಬಿಟ್ಟರೆ ಅಲ್ಲಿ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತದೆ. ಮೀನು ಉಸಿರುಗಟ್ಟಿ ಸಾಯುತ್ತದೆ. ವಿಷ ಹಾಕಬೇಕಾಗಿಲ್ಲ. ಇನ್ನು ಗಿಡದ ಬೂಷ್ಟು ರೋಗಕ್ಕೆ ಹೊಡೆಯುವ ಬೋರ್ಡೋ ಸಿಂಪಡಣೆಗೆ ತಂದಿಟ್ಟ ಮೈಲುತುತ್ತ ಪ್ರತಿ ತೋಟದ ಗೋದಾಮಿನಲ್ಲೂ ಇರುತ್ತದೆ. ಅದನ್ನೇ ತೊರೆಗೆ ಸುರಿದು ಮೀನು ಹಿಡಿಯುವವರಿದ್ದಾರೆ. ಆ ನೀರಿನಲ್ಲಿ ಮರಿ, ಏಡಿ, ಹುಳ, ಏನೂ ಉಳಿಯುವುದಿಲ್ಲ.

ಹೊಂಡ ಮಾಡಿ ತೊಳೆದ ನೀರು ಇಂಗಿಸುವವರು, ಕಡಿಮೆ ನೀರಿನ ಪಲ್ಪರ್ ಹಾಕಿಸಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಹಾಗೆ ಮಾಡದವರೂ ಇದ್ದಾರೆ. ರಾತ್ರಿ ಬಿಟ್ಟರೆ ಯಾರು ನೋಡುತ್ತಾರೆ ಅನ್ನುವುದು ಅವರ ಲೆಕ್ಕ. ಅಂಥವರಿಗೆ ಚಂದದ ಮೀನಿನ ಚಿತ್ರ ತೋರಿಸಿದರೆ ಏನಾಗುತ್ತದೆ? ಸತ್ತು ತೇಲುವ ಮೀನಿನ ಫೋಟೊ ತೆಗೆಯಿರಿ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸಿ. ಕೆಲಸ ಆಗುವುದು ಅದರಿಂದ.

ಹೊಳೆಬದಿಯವ, ಮೂರ್ನಾಡು

ನೀವು ಹೇಳಿದ್ದು ಸರಿ, ಎರಡೂ ಬೇಕು. ಆದರೆ ಸತ್ತ ಮೀನಿನ ಫೋಟೊ ಒಂದರಿಂದಲೇ ಆಗುವುದಿಲ್ಲ ಅಂತ ನನ್ನ ವಾದ. ಪ್ರತಿ ಬೇಸಿಗೆ ಯಾವುದೋ ಹೊಳೆಯಲ್ಲಿ ಮೀನು ಸತ್ತ ಸುದ್ದಿ ಪೇಪರಿನಲ್ಲಿ ಬರುತ್ತದೆ. ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುವ ರಾಶಿ. ನಾವು ಅಯ್ಯೋ ಅಂದು ಪುಟ ತಿರುಗಿಸುತ್ತೇವೆ. ಯಾಕೆಂದರೆ ಸತ್ತಿದ್ದು ಯಾರು ಅಂತ ಗೊತ್ತಿಲ್ಲ. ಆ ರಾಶಿಯಲ್ಲಿ ಇಂಥ ಮೀನಿತ್ತು, ಅದು ಈ ಕಲ್ಲಿನ ಅಡಿಯಲ್ಲಿ ಇರುತ್ತಿತ್ತು, ಮುಂಗಾರಿನಲ್ಲಿ ಈ ತೊರೆ ಹತ್ತಿ ಮೊಟ್ಟೆ ಇಡುತ್ತಿತ್ತು ಅಂತ ಗೊತ್ತಿದ್ದವರು ಮಾತ್ರ ಸುಮ್ನೆ ಕೂರುವುದಿಲ್ಲ.

ಶಿಶಿಲದಲ್ಲಿ ಏನಾಯಿತು ನೆನಪಿದೆಯಾ? ಘಟ್ಟದ ಕೆಳಗೆ, ಕಪಿಲಾ ಹೊಳೆಯ ದೇವಸ್ಥಾನದ ಮೀನುಗಳಿಗೆ 1996ರಲ್ಲಿ ಯಾರೋ ವಿಷ ಹಾಕಿದರು. ಸಾವಿರಾರು ಮೀನು ಸತ್ತವು. ಊರಿನವರು ಆ ಮೀನುಗಳಿಗೆ ಸ್ಮಾರಕ ಕಟ್ಟಿದರು. ಅವರಿಗೆ ಆ ಮೀನುಗಳ ಪರಿಚಯ ಇತ್ತು. ದಿನಾ ಮೆಟ್ಟಿಲಲ್ಲಿ ಕೂತು ಅಕ್ಕಿ, ಮಂಡಕ್ಕಿ ಹಾಕಿ ನೋಡಿದ ಮುಖಗಳು. ಆ ಪರಿಚಯ ನಮ್ಮ ಹೊಳೆಯ ಬದಿಯಲ್ಲೂ ಬೆಳೆಯಲಿ ಅಂತಲೇ ನಾನು ಫೋಟೊ ಅನ್ನುತ್ತಿರುವುದು.

ನಿಮ್ಮಂಥ ಬೆಳೆಗಾರರೇ ನಮಗೆ ದೊಡ್ಡ ಬಲ. ಹೊಳೆದಡದ ಜಾಗ ಬಹುಪಾಲು ತೋಟದವರದ್ದೇ ಅಲ್ವಾ? ಹೊಳೆಯ ಒಂದೇ ಗುಂಡಿಯನ್ನು ಡಿಸೆಂಬರಿನಲ್ಲೂ ಮಾರ್ಚಿನಲ್ಲೂ ನೀರಿನೊಳಗಿಂದ ತೆಗೆದು ಅಕ್ಕಪಕ್ಕ ಇಟ್ಟರೆ, ಪಲ್ಪಿಂಗ್ ನೀರಿನ ಬಗ್ಗೆ ಭಾಷಣವೇ ಬೇಡ.

ಬರಪೊಳೆ ಬದಿ, ದಕ್ಷಿಣ ಕೊಡಗು

ಎಲ್ಲರೂ ಕಾವೇರಿ ಅಂತಿದ್ದೀರಿ. ಪಶ್ಚಿಮಕ್ಕೆ ಹರಿಯುವ ಹೊಳೆಗಳನ್ನು ಮರೆಯಬೇಡಿ. ಬ್ರಹ್ಮಗಿರಿಯಲ್ಲಿ ಹುಟ್ಟುವ ನಮ್ಮ ಬರಪೊಳೆ ಕೇರಳಕ್ಕಿಳಿದು ವಳಪಟ್ಟಣಂ ಆಗುತ್ತದೆ. ಆ ನದಿಯಲ್ಲಿ ಡೆನಿಸನ್ ಬಾರ್ಬ್ ಅನ್ನುವ ಮೀನಿದೆ. ಗೇಣಿಗೂ ಕಡಿಮೆ ಉದ್ದದ ಬೆಳ್ಳಿ ಮೈ, ಉದ್ದಕ್ಕೂ ಕಪ್ಪು ಪಟ್ಟಿ, ಅದರ ಮೇಲೆ ಮೂಗಿನಿಂದ ನಡುಮೈವರೆಗೆ ಕೆಂಪು ಗೆರೆ. ಬಾಲದಲ್ಲಿ ಕಪ್ಪು ಹಳದಿ. ಕೇರಳದವರು ಮಿಸ್ ಕೇರಳ ಅನ್ನುತ್ತಾರೆ. ಪಶ್ಚಿಮ ಘಟ್ಟದ ಹೊಳೆ ಬಿಟ್ಟು ಸಹಜವಾಗಿ ಬೇರೆಲ್ಲೂ ಇಲ್ಲ, ಐಯುಸಿಎನ್ ಪಟ್ಟಿಯಲ್ಲಿ ಅಪಾಯದಲ್ಲಿದೆ.

ಈಗ ನನ್ನ ಭಯ ಹೇಳುತ್ತೇನೆ. ಈ ಮೀನಿಗೆ ಚಂದವೇ ಶತ್ರುವಾಯಿತು. 1990ರ ದಶಕದ ಕೊನೆಗೆ ಸಿಂಗಪುರದ ಅಕ್ವೇರಿಯಂ ಮೇಳದಲ್ಲಿ ಬಹುಮಾನ ಬಂತು. ಆಮೇಲೆ ಹೊರದೇಶಕ್ಕೆ ಹೋಗಿದ್ದೇ ಹೋಗಿದ್ದು. 2005ರಿಂದ 2012ರೊಳಗೆ ಭಾರತದಿಂದ ಅಳಿವಿನಂಚಿನ 30 ಜಾತಿಗಳ 15 ಲಕ್ಷಕ್ಕೂ ಹೆಚ್ಚು ಸಿಹಿನೀರಿನ ಮೀನು ರಫ್ತಾಯಿತು ಅಂತ ಒಂದು ಅಧ್ಯಯನ ಹೇಳುತ್ತದೆ. ಈ ಕೆಂಪುಗೆರೆ ಮೀನುಗಳ ಪಾಲು ಅದರಲ್ಲಿ ದೊಡ್ಡದು. ಚಂದದ ಫೋಟೊ ನೋಡಿ ಉಳಿಸೋಣ ಅನ್ನುವವರು ಎಷ್ಟಿದ್ದಾರೋ, ಇದು ಎಲ್ಲಿ ಸಿಗುತ್ತದೆ ಅಂತ ಕೇಳುವವರೂ ಅಷ್ಟೇ ಇದ್ದಾರೆ. ಚಿಕ್ಕ ತೊರೆ, ಒಂದು ಗುಂಡಿ, ಒಂದು ಗುಂಪು. ಒಂದು ರಾತ್ರಿ ಬಲೆ ಬಿಟ್ಟರೆ ಮುಗಿಯಿತು.

ಆದ್ದರಿಂದ ಯಾವ ಫೋಟೊದಲ್ಲೂ ತೊರೆಯ ಹೆಸರು ಬೇಡ. ತಾಲೂಕು ಸಾಕು. ಮೊಬೈಲ್ ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡಿ, ಇಲ್ಲದಿದ್ದರೆ ಫೋಟೊದ ಹೊಟ್ಟೆಯಲ್ಲೇ ಜಾಗದ ಗುರುತು ಕೂತಿರುತ್ತದೆ. ಹಿಂದೆ ಸೇತುವೆ, ದೇವಸ್ಥಾನ, ಗುರುತು ಸಿಗುವ ಬಂಡೆ ಬರದ ಹಾಗೆ ನೋಡಿಕೊಳ್ಳಿ.

ಮೀನುಶಾಸ್ತ್ರದ ವಿದ್ಯಾರ್ಥಿನಿ, ಮೈಸೂರು

ಇದನ್ನು ಪೂರ್ತಿ ಒಪ್ಪುತ್ತೇನೆ. ಸರಿಯಾದ ಜಾಗದ ಮಾಹಿತಿ ಬೇರೆ ಪುಸ್ತಕದಲ್ಲಿರಲಿ, ಸಂಶೋಧನೆಗೆ ಕೇಳಿದವರಿಗೆ ಮಾತ್ರ ಕೊಡೋಣ. ದೇವಸ್ಥಾನದ ಮೀನುಗಳ ವಿಷಯ ಬೇರೆ, ಅವು ಎಲ್ಲರಿಗೂ ಗೊತ್ತಿರುವ ಜಾಗಗಳು.

ಮೇಷ್ಟ್ರು, ನಾಪೋಕ್ಲು

ನಮ್ಮ ಶಾಲೆಯ ಮಕ್ಕಳನ್ನು ಸೇರಿಸಿಕೊಳ್ಳಬಹುದಾ ಅಂತ ಓದುತ್ತಾ ಯೋಚಿಸುತ್ತಿದ್ದೆ. ಮಳೆ ಹಿಡಿದಾಗ ಗದ್ದೆಗೆ ಹತ್ತಿ ಬರುವ ಚಿಕ್ಕ ಮೀನು, ಏಡಿ ಎಲ್ಲ ಮಕ್ಕಳಿಗೆ ಗೊತ್ತು. ನನಗಿಂತ ಜಾಸ್ತಿ ಗೊತ್ತು. ಕೊಯ್ಲೆ ಮೀನು ಅಂದರೆ ಎಲ್ಲರಿಗೂ ಸಾರೇ ನೆನಪಾಗುತ್ತದೆ, ಆದರೆ ಆ ಮಕ್ಕಳು ಅದು ನೀರಿನಲ್ಲಿ ಹೇಗೆ ತಿರುಗುತ್ತದೆ ಅಂತಲೂ ಹೇಳಬಲ್ಲರು. ದೊಡ್ಡ ಮಹಶೀರಿಗಿಂತ ಇಂಥ ಮೀನಿನಿಂದ ಶುರು ಮಾಡಿದರೆ ಚೆನ್ನ ಅಂತ ನನ್ನ ಅಭಿಪ್ರಾಯ. ಗದ್ದೆ ಪಾಳು ಬಿದ್ದು ಸೈಟು, ತೋಟ ಆಗುತ್ತಿದೆ. ಗದ್ದೆ ಹೋದರೆ ಈ ಮೀನು ಮರಿ ಮಾಡುವ ಜಾಗವೂ ಹೋಗುತ್ತದೆ. ಅದನ್ನು ಮಕ್ಕಳು ಫೋಟೊ ಸಮೇತ ಹೇಳಿದರೆ ಅಪ್ಪ ಅಮ್ಮ ಕೇಳುತ್ತಾರೆ.

ಆದರೆ ಮಕ್ಕಳನ್ನು ಹೊಳೆಗೆ ಇಳಿಸಲು ನಾನು ಒಪ್ಪುವುದಿಲ್ಲ. ಕಾವೇರಿಯ ಸುಳಿ, ಬಂಡೆ ಸಂದು ಎಷ್ಟು ಜೀವ ತೆಗೆದಿವೆ ಅಂತ ಎಲ್ಲರಿಗೂ ಗೊತ್ತಿದೆ. ಕೆಲವು ಕಡೆ ಮೊಸಳೆ ಬೇರೆ. ದಡದಲ್ಲೇ ಮಾಡುವ ದಾರಿ ಇದೆಯಾ?

ಮೀನುಶಾಸ್ತ್ರದ ವಿದ್ಯಾರ್ಥಿನಿ, ಮೈಸೂರು

ಇದೆ ಸರ್. ಚಿಕ್ಕ ಮೀನಿಗೆ ನಾವು ಬಳಸುವುದು ಕಿರಿದಾದ ಗಾಜಿನ ತೊಟ್ಟಿ. ಉದ್ದ ಒಂದು ಅಡಿ, ದಪ್ಪ ಮೂರು ನಾಲ್ಕು ಇಂಚು ಸಾಕು. ಅದೇ ತೊರೆಯ ನೀರು ತುಂಬಿಸಬೇಕು, ಬಾವಿ ನೀರೂ ಬೇಡ, ನಲ್ಲಿ ನೀರೂ ಬೇಡ. ನಲ್ಲಿಯ ಕ್ಲೋರಿನ್ ಕಿವಿರನ್ನು ಸುಡುತ್ತದೆ. ತೊಟ್ಟಿ ನೆರಳಿನಲ್ಲಿರಲಿ, ಅಷ್ಟು ಕಡಿಮೆ ನೀರು ಬಿಸಿಲಲ್ಲಿ ಬೇಗ ಕಾಯುತ್ತದೆ. ಒಳಗೆ ಇನ್ನೊಂದು ಗಾಜಿನ ಹಲಗೆ ಇಟ್ಟರೆ ಮೀನು ಮುಂದಿನ ಗಾಜಿನ ಹತ್ತಿರವೇ ಇರುತ್ತದೆ, ಒತ್ತಬಾರದು. ಹಿಂದೆ ಕಪ್ಪು ಬಟ್ಟೆ. ಫ್ಲ್ಯಾಶನ್ನು ಎದುರಿನಿಂದ ಹೊಡೆಯಬೇಡಿ, ಗಾಜು ಹೊಳೆಯುತ್ತದೆ. ಎರಡು ಪಕ್ಕದಿಂದ ಓರೆಯಾಗಿ ಬೆಳಕು ಬರಲಿ.

ಮೀನು ಮೊದಲು ಗಾಬರಿಯಾಗಿ ಬಣ್ಣ ಕಳೆದುಕೊಳ್ಳುತ್ತದೆ. ಒಂದೆರಡು ನಿಮಿಷ ಯಾರೂ ಅಲ್ಲಾಡದೆ ನಿಂತರೆ ರೆಕ್ಕೆ ಬಿಚ್ಚುತ್ತದೆ. ಆಗ ತೆಗೆಯಿರಿ, ಹಿಡಿದ ಜಾಗಕ್ಕೇ ಬಿಡಿ. ಬಾಯಿ ಮೇಲ್ಮೈಗೆ ತಂದು ಗುಟುಕು ಗುಟುಕು ಎಳೆಯುತ್ತಿದ್ದರೆ ಫೋಟೊ ಸಿಗದಿದ್ದರೂ ಪರವಾಗಿಲ್ಲ, ಆ ಕೂಡಲೇ ಬಿಟ್ಟುಬಿಡಿ. ಅಪಾಯದ ಪಟ್ಟಿಯಲ್ಲಿರುವ ಮೀನನ್ನು ತೊಟ್ಟಿಗೆ ಹಾಕುವುದೇ ಬೇಡ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಮೀನು ಹಿಡಿಯುವಂತೆಯೇ ಇಲ್ಲ, ಫೋಟೊಗೆ ಅಂದರೂ ಇಲ್ಲ.

ದೊಡ್ಡ ಮೀನಿಗೆ ರಾಮನಾಥಪುರಕ್ಕೆ ಹೋಗಿ. ಕುಶಾಲನಗರ ದಾಟಿದ ಕಾವೇರಿಯೇ ಅಲ್ಲಿ ಹರಿಯುವುದು. ವಹ್ನಿ ಪುಷ್ಕರಿಣಿಯ ಮೀನುಗಳನ್ನು ದೇವರ ಮೀನು ಅಂತ ಯಾರೂ ಹಿಡಿಯುವುದಿಲ್ಲ. ಮೆಟ್ಟಿಲ ಮೇಲಿಂದಲೇ ಸಿಗುತ್ತವೆ. ಪೋಲರೈಸರ್ ಫಿಲ್ಟರ್ ಹಾಕಿ ತಿರುಗಿಸಿದರೆ ನೀರಿನ ಮೇಲಿನ ಹೊಳಪು ಹೋಗಿ ಒಳಗಿನದು ಕಾಣುತ್ತದೆ. ಸೂರ್ಯ ನೆತ್ತಿಗೆ ಹತ್ತಿರ ಇರುವ ಹೊತ್ತು ಬೆಳಕು ನೀರಿನೊಳಗೆ ಇಳಿಯುತ್ತದೆ. ಹಕ್ಕಿ ತೆಗೆಯುವವರ ಬೆಳಗಿನ ಬೆಳಕು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಹಾರಂಗಿ ಕೆಳಗಿನ ಊರಿನವಳು

ನಮ್ಮ ಮನೆಯಲ್ಲಿ ತಲೆತಲೆಮಾರಿನಿಂದ ಬಲೆ ಬೀಸುತ್ತಾರೆ. ಮೇಲಿನ ಎಲ್ಲ ಮಾತು ಓದಿದೆ. ಮೀನು ಕಡಿಮೆಯಾಯಿತು ಅಂದಾಗ ಮೊದಲು ಬೊಟ್ಟು ಮಾಡುವುದು ನಮ್ಮ ಬಲೆ ಕಡೆಗೆ. ಅಣೆಕಟ್ಟು ಮೀನಿನ ದಾರಿ ಕಟ್ಟಿತು. ಮಳೆಗಾಲದಲ್ಲಿ ಮೇಲೆ ಹತ್ತಿ ಜಲ್ಲಿಕಲ್ಲಿನ ಜಾಗದಲ್ಲಿ ಮೊಟ್ಟೆ ಇಡುವ ಮೀನು ಈಗ ಗೋಡೆಗೆ ಬಂದು ನಿಲ್ಲುತ್ತದೆ. ಮರಳು ತೆಗೆದು ಜಲ್ಲಿಯೂ ಹೋಯಿತು. 2018ರ ಆಗಸ್ಟಿನಲ್ಲಿ ಗುಡ್ಡಗಳೇ ಜಾರಿದಾಗ ಬಂದ ಹೂಳು ಹಾರಂಗಿಯಲ್ಲಿ ಎಷ್ಟು ತುಂಬಿತು ಅಂತ ನಾವು ಕಣ್ಣಾರೆ ನೋಡಿದ್ದೇವೆ. ತಿಲಾಪಿಯ, ಆಫ್ರಿಕನ್ ಕ್ಯಾಟ್‌ಫಿಶ್ ತಂದು ಹೊಳೆಗೆ ಸೇರಿಸಿದವರು ನಾವಲ್ಲ. ಬಲೆಯಲ್ಲಿ ಊರ ಮೀನು ಹೋಗಿ ಅವೇ ಬರುತ್ತಿವೆ ಅಂತ ಮೊದಲು ಗೊತ್ತಾಗಿದ್ದು ನಮಗೆ.

ಸಿಟ್ಟಿಗೆ ಹೇಳುತ್ತಿಲ್ಲ. ನಮ್ಮವರನ್ನು ಬಿಟ್ಟು ಈ ಕೆಲಸ ಮಾಡಬೇಡಿ ಅಂತ ಕೇಳುತ್ತಿದ್ದೇನೆ. ನಸುಕಿನಲ್ಲಿ ಬಲೆ ಬಿಡಿಸುವಾಗ ನಮ್ಮ ಜೊತೆ ಕೂತುಕೊಳ್ಳಿ. ತಿನ್ನುವುದಕ್ಕೆ, ಮಾರುವುದಕ್ಕೆ ಬಾರದ ಮೀನು ಎಷ್ಟೋ ಬರುತ್ತದೆ, ಅವನ್ನು ಜೀವಂತ ಇರುವಾಗಲೇ ನೀವು ನೀರಿನಲ್ಲಿಟ್ಟು ಫೋಟೊ ತೆಗೆದು ಬಿಡಬಹುದು. ಪ್ರತ್ಯೇಕ ಹಿಡಿಯುವುದೇ ಬೇಡ. ನಮ್ಮ ಅಪ್ಪ ಪ್ರತಿ ಮೀನಿಗೂ ಹೆಸರು ಹೇಳುತ್ತಾರೆ. ಮರಿಯಾಗಿದ್ದಾಗ ಒಂದು, ಬೆಳೆದ ಮೇಲೆ ಇನ್ನೊಂದು.

ಕಾಫಿ ತೋಟ, ಸಿದ್ದಾಪುರ

ಈ ಅಕ್ಕನ ಮಾತು ಓದಿದ ಮೇಲೆ ನಾನೂ ಬರುತ್ತೇನೆ. ನಮ್ಮ ತೋಟದ ಕೆಳಗೆ ಕಾವೇರಿಯ ಒಂದು ಗುಂಡಿ ಇದೆ, ಬೇಸಿಗೆಯಲ್ಲೂ ಒಣಗುವುದಿಲ್ಲ. ಡಿಸೆಂಬರ್, ಮಾರ್ಚ್ ಎರಡೂ ಸಲ ಅಲ್ಲಿ ತೆಗೆಯಿರಿ. ನನ್ನ ಪಲ್ಪರ್ ಮನೆಯ ಹೊಂಡವನ್ನೂ ಬಂದು ನೋಡಿ. ಅಕ್ಕಪಕ್ಕದ ತೋಟದವರನ್ನು ಕರೆಯುವ ಜವಾಬ್ದಾರಿ ನನ್ನದು.

ಹೊಳೆಬದಿಯವ, ಮೂರ್ನಾಡು

ಇಷ್ಟು ಜನ ಕೈ ಜೋಡಿಸುತ್ತೀರಿ ಅಂತ ನಿಜವಾಗಿ ಅಂದುಕೊಂಡಿರಲಿಲ್ಲ. ಈ ವರ್ಷದ ತೀರ್ಥೋದ್ಭವಕ್ಕೆ ಆಗುವುದಿಲ್ಲ, ಹೊಳೆ ಇನ್ನೂ ಕೆಂಪಗಿದೆ. ನೀರು ತಿಳಿಯಾಗಲು ಶುರುವಾಗುವುದೇ ಆಮೇಲೆ. ನವೆಂಬರಿನಿಂದ ತೆಗೆಯುತ್ತಾ ಹೋಗಿ, ಮುಂದಿನ ತುಲಾ ಸಂಕ್ರಮಣಕ್ಕೆ ಭಾಗಮಂಡಲದಲ್ಲಿ ಇಡೋಣ. ದೇವಸ್ಥಾನ ಸಮಿತಿಯವರನ್ನು ಕೇಳುವುದು ನನ್ನ ಕೆಲಸ. ಅದಕ್ಕೂ ಮೊದಲು ನಾಪೋಕ್ಲು ಶಾಲೆಯಲ್ಲಿ ಗದ್ದೆ ಮೀನುಗಳ ಚಿತ್ರ.

ಹಾರಂಗಿ ಕಡೆಯ ಅಕ್ಕ, ನಿಮ್ಮ ಅಪ್ಪನವರು ಒಪ್ಪಿದರೆ ಮೊದಲ ಬೆಳಗು ನಿಮ್ಮ ದಡದಲ್ಲೇ. ಪ್ರತಿ ಚಿತ್ರದ ಕೆಳಗೆ ಅವರು ಹೇಳಿದ ಹೆಸರು ಮೊದಲು ಬರಲಿ, ವಿಜ್ಞಾನದ ಹೆಸರು ಅದರ ಕೆಳಗೆ. ಮಹಶೀರಿನದ್ದು ರಾಮನಾಥಪುರದಲ್ಲಿ ತೆಗೆಯೋಣ. ಕಿತ್ತಳೆ ರೆಕ್ಕೆಯದು ಸಿಗದಿದ್ದರೆ ಅದರ ಜಾಗವನ್ನು ಖಾಲಿ ಚೌಕಟ್ಟಾಗಿಯೇ ಬಿಟ್ಟು, ಯಾಕೆ ಖಾಲಿ ಅಂತ ಬರೆಯೋಣ ಅಂತಿದ್ದೇನೆ. ಬೇರೆ ನದಿಯ ಮೀನಿನ ಫೋಟೊ ತಂದು ತುಂಬಿಸುವುದು ಬೇಡ.

ತೊಟ್ಟಿ ಒಂದು ಬೇಕು. ಯಾರಾದರೂ ಮಾಡಿಸಿದ್ದೀರಾ?

ಗಾಳ ಮತ್ತು ಬಿಡುಗಡೆ, ಕುಶಾಲನಗರ

ಗಾಜು ಕತ್ತರಿಸಿ ಅಂಟಿಸಿಕೊಡುವವರು ಇಲ್ಲಿ ನನಗೆ ಪರಿಚಯ. ಸರಿಯಾದ ಅಳತೆ ಕಳಿಸಿ, ಎರಡು ಮಾಡಿಸುತ್ತೇನೆ. ಒಂದು ಶಾಲೆಗೆ. ಅಂಟು ಅಕ್ವೇರಿಯಂ ಸಿಲಿಕೋನೇ ಆಗಬೇಕು. ಬಾತ್‌ರೂಮಿಗೆ ಬಳಸುವುದರಲ್ಲಿ ಬೂಷ್ಟು ತಡೆಯುವ ಮದ್ದು ಇರುತ್ತದೆ, ಮೀನಿಗೆ ಆಗುವುದಿಲ್ಲ. ಅಂಟಿಸಿದ ಮೇಲೆ ಕೆಲವು ದಿನ ಒಣಗಲು ಬಿಡಬೇಕು, ಹಾಗಾಗಿ ಅಕ್ಟೋಬರ್ ಮುಗಿಯುವುದರೊಳಗೆ ಅಳತೆ ಸಿಕ್ಕಿದರೆ ಒಳ್ಳೆಯದು.